ಕೇಳುಗರ ಕಟ್ಟೆ: 1967ರ ಏಳು ಆಲ್ಬಂಗಳು

ವರ್ಷದ ಕೊನೆ ಹತ್ತಿರವಾದಂತೆ "ಈ ವರ್ಷದ ನಿಮ್ಮ ಮೆಚ್ಚಿನ ಆಲ್ಬಂ ಯಾವುವು?" ಎಂಬ ಪತ್ರಗಳು ಬರತೊಡಗುತ್ತವೆ. ಆ ವರ್ಷದ್ದನ್ನು ಆ ವರ್ಷವೇ ತೂಗಲು ಹೊರಟರೆ ತಕ್ಕಡಿ ಇನ್ನೂ ಅಲ್ಲಾಡುತ್ತಿರುತ್ತದೆ. ಅದಕ್ಕೇ ಈ ಸಲ ತಕ್ಕಡಿ ನಿಂತು ಬಹಳ ಕಾಲವಾದ ಒಂದು ವರ್ಷವನ್ನು ಹಿಡಿದುಕೊಂಡೆವು: 1967. ಸಂತೂರಿನಿಂದ ಸಿಂಥಸೈಜರಿನವರೆಗೆ ಒಂದೇ ವರ್ಷದಲ್ಲಿ ಇಷ್ಟು ಬಗೆಯ ಪ್ಲೇಟುಗಳು ಬಂದದ್ದು ಅಪರೂಪ. ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ.

ಹಿಂದೂಸ್ತಾನಿ ಬಿಟ್ಟು ಬೇರೆ ಕಡೆ ನನ್ನ ಕಿವಿ ಹೋದದ್ದಿಲ್ಲ. 1967ರಲ್ಲಿ ನಿಮ್ಮ ಆಯ್ಕೆ ಯಾವುವು, ಯಾವುದರಿಂದ ಶುರು ಮಾಡಲಿ?
— ಧಾರವಾಡದ ಓದುಗರು

ಏಳು ಹೇಳುತ್ತೇವೆ, ಕೇಳಬೇಕಾದ ಕ್ರಮದಲ್ಲೇ. ಇದು ಅಂಕದ ಕ್ರಮವಲ್ಲ. ನಿಮ್ಮ ಮನೆಯಂಗಳದಿಂದ ಹೊರಟು ದೂರ ಹೋಗುವ ದಾರಿ, ಅಷ್ಟೆ.

ಮೊದಲು 'ಕಾಲ್ ಆಫ್ ದಿ ವ್ಯಾಲಿ'. ಶಿವಕುಮಾರ್ ಶರ್ಮಾ ಸಂತೂರ್ (ಕಡ್ಡಿಯಿಂದ ತಟ್ಟುವ ತಂತಿವಾದ್ಯ), ಹರಿಪ್ರಸಾದ್ ಚೌರಾಸಿಯಾ ಬಾನ್ಸುರಿ (ಕೊಳಲು), ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್, ಮಾಣಿಕರಾವ್ ಪೋಪಟ್ಕರ್ ತಬಲಾ. ಎರಡನೆಯದು 'ವೆಸ್ಟ್ ಮೀಟ್ಸ್ ಈಸ್ಟ್': ಪಿಟೀಲಿನ ಯೆಹೂದಿ ಮೆನುಹಿನ್ ಮತ್ತು ಸಿತಾರಿನ ರವಿಶಂಕರ್. ಇದರಲ್ಲಿ ಒಂದು ಎಚ್ಚರ ಬೇಕು. ಮೆನುಹಿನ್ ನುಡಿಸಿದ ಭಾಗ ಬಹುಪಾಲು ಮೊದಲೇ ಸ್ವರಲಿಪಿಯಲ್ಲಿ ಬರೆದಿಟ್ಟದ್ದು. ಅದನ್ನು ಜುಗಲ್‌ಬಂದಿಯೆಂದು ಕೇಳಹೊರಟರೆ ಬಿಗಿ ಅನ್ನಿಸುತ್ತದೆ. ಎರಡನೇ ಬದಿಯಲ್ಲಿ ಭಾರತದ ಸಂಗೀತವೇ ಇಲ್ಲ. ಅಲ್ಲಿರುವುದು ರುಮೇನಿಯಾದ ಎನೆಸ್ಕು ಬರೆದ ಪಿಟೀಲು ಸೊನಾಟಾ, ಪಿಯಾನೋದಲ್ಲಿ ಮೆನುಹಿನ್ನರ ತಂಗಿ ಹೆಫ್ಜಿಬಾ. ಅದನ್ನು ಬಿಡಬೇಡಿ. ರುಮೇನಿಯಾದ ಜನಪದ ಪಿಟೀಲಿನ ಜಾರು, ನಡುಕಗಳನ್ನೆಲ್ಲ ಎನೆಸ್ಕು ಲಿಪಿಯಲ್ಲಿ ಹಿಡಿದಿಟ್ಟಿದ್ದಾರೆ. ಗಮಕಕ್ಕೆ ಒಗ್ಗಿದ ಕಿವಿಗೆ ಪಶ್ಚಿಮದ ಸಂಗೀತಕ್ಕೆ ಹೋಗಲು ಇದಕ್ಕಿಂತ ಸಲೀಸಾದ ಬಾಗಿಲು ಕಡಿಮೆ.

ಮೂರನೆಯದು ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್'. ಇದರ ಮಾತು ಮುಂದೆ ಉದ್ದಕ್ಕೆ ಬರುತ್ತದೆ. ನಾಲ್ಕನೆಯದು ಅರೀತಾ ಫ್ರ್ಯಾಂಕ್ಲಿನ್ ಅವರ 'ಐ ನೆವರ್ ಲವ್ಡ್ ಎ ಮ್ಯಾನ್ ದಿ ವೇ ಐ ಲವ್ ಯೂ'. ಇದರ ಮೊದಲ ಹಾಡು 'ರೆಸ್ಪೆಕ್ಟ್'. ಅದನ್ನು ಬರೆದು 1965ರಲ್ಲಿ ಮೊದಲು ಹಾಡಿದವರು ಓಟಿಸ್ ರೆಡ್ಡಿಂಗ್. ಆ ಮೂಲವನ್ನು ಒಮ್ಮೆ ಕೇಳಿ, ಆಮೇಲೆ ಅರೀತಾ ಕೇಳಿ. ಒಂದೇ ಬಂದಿಶ್ ಎರಡು ಘರಾಣೆಯ ಬಾಯಲ್ಲಿ ಏನಾಗುತ್ತದೆಂದು ಬಲ್ಲವರು ನೀವು, ಹೆಚ್ಚು ವಿವರಿಸಬೇಕಿಲ್ಲ. ಮನೆಯಲ್ಲಿ ಮರ್ಯಾದೆ ಕೊಡು ಎಂದು ಗಂಡು ಕೇಳುವ ಹಾಡು ಅದು. ಹೆಣ್ಣು ಅದೇ ಮಾತನ್ನು ಹಾಡಿದೊಡನೆ ಅರ್ಥ ತಿರುವುಮುರುವಾಗುತ್ತದೆ. ಪದದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಸಾಲು ಮೂಲದಲ್ಲಿ ಇಲ್ಲವೇ ಇಲ್ಲ.

ಐದನೆಯದು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಪಂಚಕದ (ಐವರ ತಂಡದ) 'ಸಾರ್ಸರರ್'. ಆರನೆಯದು 'ದಿ ವೆಲ್ವೆಟ್ ಅಂಡರ್‌ಗ್ರೌಂಡ್ ಅಂಡ್ ನಿಕೋ', ಆಂಡಿ ವಾರ್ಹಾಲ್ ಬಿಡಿಸಿದ ಬಾಳೆಹಣ್ಣಿನ ರಕ್ಷಾಪುಟದ್ದು. ಬಂದಾಗ ಇದು ಸರಿಯಾಗಿ ಮಾರಾಟವಾಗಲಿಲ್ಲ. ವರ್ಷದ ಪಟ್ಟಿಗಳನ್ನು ವರ್ಷದೊಳಗೇ ಮುಗಿಸುವವರು ನೆನಪಿಡಬೇಕಾದ ಪ್ಲೇಟು. ಇದರಲ್ಲಿ 'ವೀನಸ್ ಇನ್ ಫರ್ಸ್' ಹುಡುಕಿ ಕೇಳಿ. ಈ ರಾಕ್ ತಂಡದ ಜಾನ್ ಕೇಲ್ ವಯೋಲಾದಲ್ಲಿ ಒಂದು ಶ್ರುತಿಯನ್ನು ಎಳೆದು ಹಿಡಿದಿರುತ್ತಾರೆ, ಲೂ ರೀಡ್ ಗಿಟಾರಿನ ತಂತಿಗಳನ್ನೆಲ್ಲ ಒಂದೇ ಸ್ವರಕ್ಕೆ ಕೂಡಿಸಿರುತ್ತಾರೆ. ತಂಬೂರಿ ಕೇಳಿ ಬೆಳೆದವರಿಗೆ ಈ ಹಾಡು ರಾಕ್ ಕೇಳಿ ಬೆಳೆದವರಿಗಿಂತ ಬೇಗ ಒಗ್ಗುತ್ತದೆ. ಏಳನೆಯದು ಮಾರ್ಟನ್ ಸಬಾಟ್ನಿಕ್ ಅವರ 'ಸಿಲ್ವರ್ ಆ್ಯಪಲ್ಸ್ ಆಫ್ ದಿ ಮೂನ್', ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರಿನ ಸಂಗೀತ. ಅದಕ್ಕೆ ಹೋಗಲು ಅವಸರ ಬೇಡ.

ವಾರಕ್ಕೊಂದು ಸಾಕು. ಮೊದಲ ಸಲ ಪೂರ್ತಿ, ನಡುವೆ ಎದ್ದು ಹೋಗದೆ. ಎರಡು ದಿನ ಬಿಟ್ಟು ಬೇಕಾದ ಹಾಡನ್ನಷ್ಟೇ ಬಿಡಿಸಿ ಕೇಳಿ. ವಾರದ ಕೊನೆಗೆ ಮತ್ತೆ ಪೂರ್ತಿ. ಈ ಏಳರಲ್ಲಿ ಯಾವುದೂ ಒಂದು ಗಂಟೆ ಮುಟ್ಟುವುದಿಲ್ಲ, ಅರೀತಾ ಅವರದ್ದು ಮೂವತ್ತಮೂರು ನಿಮಿಷವೂ ಇಲ್ಲ.

ನಾನು ಕರ್ನಾಟಕ ಸಂಗೀತದ ವಿದ್ಯಾರ್ಥಿನಿ. 'ಕಾಲ್ ಆಫ್ ದಿ ವ್ಯಾಲಿ'ಯಲ್ಲಿ ನಟಭೈರವಿ ಇದೆ ಎಂದು ಓದಿ ಕೇಳಿದರೆ ನಟಭೈರವಿಯಂತೆ ಕೇಳಿಸಲೇ ಇಲ್ಲ. ನನ್ನ ಕಿವಿಯದೇ ತಪ್ಪೆ?
— ಮೈಸೂರಿನ ಓದುಗರು

ನಿಮ್ಮ ಕಿವಿ ಸರಿಯಾಗಿದೆ, ಓದಿದ್ದು ತಪ್ಪು. ಅಲ್ಲಿರುವುದು ನಟ್ ಭೈರವ್, ನಟಭೈರವಿಯಲ್ಲ. ಹೆಸರಿನಲ್ಲಿ ಒಂದು ಅಕ್ಷರದ ಅಂತರ, ರಾಗದಲ್ಲಿ ಆಕಾಶ ಭೂಮಿಯ ಅಂತರ. ನಟಭೈರವಿ 20ನೇ ಮೇಳ (ಕರ್ನಾಟಕ ಸಂಗೀತದ ಮೂಲರಾಗಗಳಲ್ಲಿ ಒಂದು), ಸಾಧಾರಣ ಗಾಂಧಾರ ಮತ್ತು ಕೈಶಿಕಿ ನಿಷಾದದ್ದು. ನಟ್ ಭೈರವ್‌ಗೆ ನಿಮ್ಮಲ್ಲಿ ಸಾಟಿ 27ನೇ ಮೇಳ ಸರಸಾಂಗಿ: ಚತುಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ. ಅದಕ್ಕೆ ಮುಂಚೆ ಬರುವ ಆಹಿರ್ ಭೈರವ್ ನಿಮ್ಮ ಚಕ್ರವಾಕದ ಸ್ವರಗಳದ್ದು.

ಈ ಎರಡು ರಾಗಗಳ ಜೋಡಿ ಆಕಸ್ಮಿಕವಲ್ಲ. ಪ್ಲೇಟಿನ ಕಲ್ಪನೆಯೇ ಕಾಶ್ಮೀರದ ಕಣಿವೆಯ ಒಬ್ಬ ಕುರುಬನ ಒಂದು ದಿನ. ಬೆಳಗಿನ ಜಾವ ಆಹಿರ್ ಭೈರವ್, ಹೊತ್ತು ಏರಿದಾಗ ನಟ್ ಭೈರವ್. ಆಹಿರ್ ಭೈರವ್‌ನಲ್ಲಿ ಹಿಂದೂಸ್ತಾನಿ ಹೆಸರಿನಲ್ಲಿ ರಿಷಭ ಕೋಮಲ, ಧೈವತ ಶುದ್ಧ (ನಿಮ್ಮ ಶುದ್ಧ ರಿಷಭ, ಶುದ್ಧ ಧೈವತಗಳಿಗೆ ಅಲ್ಲಿ ಕೋಮಲ ಎಂದು ಹೆಸರು). ನಟ್ ಭೈರವ್‌ಗೆ ದಾಟಿದೊಡನೆ ರಿಷಭ ಶುದ್ಧವಾಗುತ್ತದೆ, ಧೈವತ ಕೋಮಲವಾಗುತ್ತದೆ, ನಿಷಾದವೂ ಮೇಲೇರುತ್ತದೆ. ಷಡ್ಜ, ಗಾಂಧಾರ, ಮಧ್ಯಮ, ಪಂಚಮ ಕದಲುವುದಿಲ್ಲ. ಹನ್ನೆರಡು ನಿಮಿಷ ದಾಟುವ ಈ ಮೊದಲ ಭಾಗದಲ್ಲಿ ತಂಬೂರಿ ಹಾಕಿಕೊಂಡು ಕುಳಿತು, ರಿಷಭ ಬದಲಾಗುವ ಕ್ಷಣವನ್ನು ಕೈಯೆತ್ತಿ ಗುರುತಿಸಿ ನೋಡಿ. ಮೂರನೇ ಸಲಕ್ಕೆ ತಪ್ಪದೆ ಸಿಗುತ್ತದೆ.

ಆಮೇಲೆ ಪೀಲು. ಇದಕ್ಕೆ ಸರಿಸಮನಾದ ರಾಗ ನಿಮ್ಮಲ್ಲಿಲ್ಲ, ಕಾಪಿಯ ನೆನಪಷ್ಟೇ ಬರುತ್ತದೆ. ಭೂಪ್ ಎಂದರೆ ಮೋಹನದ ಐದು ಸ್ವರ, ದೇಸ್ ಎಂದರೆ ದೇಶ್, ಕೊನೆಗೆ ಪಹಾಡಿ. ಪಾಠಕ್ಕೆ ನಿಜವಾಗಿ ಒದಗುವುದು ಭೂಪ್ ಮತ್ತು ಪಹಾಡಿಯ ಹೋಲಿಕೆ. ಎರಡರ ಬೆನ್ನೆಲುಬೂ ಹೆಚ್ಚು ಕಡಿಮೆ ಅದೇ ಐದು ಸ್ವರ. ಭೂಪ್ ಗಾಂಧಾರದ ಮೇಲೆ ನೆಟ್ಟಗೆ ನಿಲ್ಲುತ್ತದೆ, ಮಧ್ಯಮ ನಿಷಾದಗಳ ಗಾಳಿಯೂ ಸೋಕುವುದಿಲ್ಲ. ಪಹಾಡಿ ಮಂದ್ರದಲ್ಲಿ ಓಡಾಡಿಕೊಂಡಿರುತ್ತದೆ, ಬಿಟ್ಟ ಸ್ವರಗಳನ್ನು ನಡುನಡುವೆ ಮುಟ್ಟಿ ಬರುತ್ತದೆ. ಸ್ವರಸ್ಥಾನ ಒಂದೇ ಇದ್ದರೆ ರಾಗವೂ ಒಂದೇ ಎನ್ನುವವರಿಗೆ ಈ ಎರಡನ್ನು ಹಿಂದೆ ಮುಂದೆ ಹಾಕಿ ಕೇಳಿಸಿ.

ತಾಳಕ್ಕೂ ಒಂದು ಮಾತು. ಭೂಪ್‌ನಲ್ಲಿ ಬರುವ ಝಪ್‌ತಾಲ್ ಹತ್ತು ಮಾತ್ರೆಯದು, 2-3-2-3. ಖಂಡಛಾಪು ಎರಡಾವರ್ತ ಹಾಕಿದರೆ ಕೈ ಕೂಡುತ್ತದೆ. ದಾದ್ರಾ ಆರು, ಕೆಹರ್ವಾ ಎಂಟು. ಮೂರು ವಾದ್ಯಗಳಲ್ಲಿ ಸ್ವರದಿಂದ ಸ್ವರಕ್ಕೆ ಹೋಗುವ ರೀತಿ ಮೂರು ಬಗೆ. ಕೊಳಲು ಉಸಿರಿರುವಷ್ಟು ಹೊತ್ತು ಸ್ವರವನ್ನು ಹಿಡಿಯುತ್ತದೆ. ತಂತಿಯ ಮೇಲೆ ಕಬ್ಬಿಣ ಜಾರಿಸುವ ಗಿಟಾರ್ ಮೀಂಡ್ ಎಳೆಯುತ್ತದೆ. ಸಂತೂರಿನಲ್ಲಿ ಎರಡೂ ಆಗದು. ಕಡ್ಡಿಯಿಂದ ತಟ್ಟಿದ ಸ್ವರ ಆಗಲೇ ಸಾಯತೊಡಗುತ್ತದೆ. ಅದನ್ನು ಬದುಕಿಸಲು ಕಡ್ಡಿಯನ್ನು ತಂತಿಯ ಮೇಲೆ ಹಗುರಾಗಿ ನಡುಗಿಸುತ್ತ ಹೋಗಬೇಕು. ಆ ನವಿರಾದ ಝೇಂಕಾರ ಬರೀ ಅಲಂಕಾರವಲ್ಲ, ವಾದ್ಯದ ಕೊರತೆಗೆ ಕಂಡುಕೊಂಡ ಉಪಾಯ.

ಒಂದು ಎಚ್ಚರ: ಸಿ.ಡಿ.ಯಾಗಿ ಮರುಬಿಡುಗಡೆಯಾದಾಗ ಕೊನೆಗೆ ಬೇರೆ ತುಣುಕುಗಳನ್ನು ಸೇರಿಸಿದ್ದಾರೆ. ಕುರುಬನ ದಿನ ಪಹಾಡಿಗೆ ಮುಗಿಯಿತು. ಅಲ್ಲಿಗೆ ನಿಲ್ಲಿಸಿ.

'ಸಾರ್ಜೆಂಟ್ ಪೆಪ್ಪರ್' ಅನ್ನು ಬಸ್ಸಿನಲ್ಲಿ ಗೆಳೆಯನೂ ನಾನೂ ಒಂದೊಂದು ಇಯರ್‌ಫೋನ್ ಹಾಕಿಕೊಂಡು ಕೇಳಿದೆವು. ಅವನಿಗೆ ಹಾಡು ಕೇಳಿಸುತ್ತಿತ್ತು, ನನಗೆ ಬರೀ ವಾದ್ಯ. ಫೋನ್ ಕೆಟ್ಟಿದೆಯೆ?
— ಬೆಂಗಳೂರಿನ ಓದುಗರು

ಫೋನ್ ಚೆನ್ನಾಗಿದೆ. ಹಂಚಿಕೊಂಡು ಕೇಳಬಾರದ ಪ್ರತಿಯನ್ನು ಹಂಚಿಕೊಂಡಿದ್ದೀರಿ.

ಈ ಆಲ್ಬಂ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ 1966ರ ನವೆಂಬರಿನಿಂದ 1967ರ ಏಪ್ರಿಲ್‌ವರೆಗೆ ಧ್ವನಿಮುದ್ರಣವಾಯಿತು. ಆಗ ಅಲ್ಲಿದ್ದದ್ದು ನಾಲ್ಕೇ ಟ್ರ್ಯಾಕಿನ (ಸದ್ದನ್ನು ಬೇರೆ ಬೇರೆಯಾಗಿ ಹಿಡಿದಿಡುವ ನಾಲ್ಕೇ ಪಟ್ಟಿಗಳ) ಟೇಪ್ ಯಂತ್ರಗಳು. ಡ್ರಮ್ಸ್, ಬಾಸ್, ಗಿಟಾರ್, ಪಿಯಾನೋ ಹಾಕುವಷ್ಟರಲ್ಲಿ ನಾಲ್ಕೂ ತುಂಬಿಹೋಗುತ್ತಿದ್ದವು. ಆಗ ಆ ನಾಲ್ಕನ್ನೂ ಬೆರೆಸಿ ಇನ್ನೊಂದು ಯಂತ್ರದ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಿ, ಉಳಿದ ಜಾಗದಲ್ಲಿ ಹಾಡು, ತಂತಿವಾದ್ಯ ತುಂಬುತ್ತಿದ್ದರು. ಒಮ್ಮೆ ಬೆರೆಸಿದ್ದನ್ನು ಮತ್ತೆ ಬಿಡಿಸಲಾಗದು, ಸಾರಿಗೆ ಬಿದ್ದ ಉಪ್ಪಿನ ಹಾಗೆ. ಹೀಗಾಗಿ ಸದ್ದನ್ನು ಎಡ ಬಲ ಎರಡು ಸ್ಪೀಕರಿಗೆ ಹಂಚುವ ಸ್ಟೀರಿಯೋ ಮಿಶ್ರಣಕ್ಕೆ ಕುಳಿತಾಗ ಇಡೀ ವಾದ್ಯವೃಂದ ಒಂದು ಗಂಟಾಗಿತ್ತು. ಗಂಟನ್ನು ಎಡಕ್ಕೋ ಬಲಕ್ಕೋ ಇಡುವುದು, ಹಾಡನ್ನು ಎದುರು ಬದಿಗೆ ಇಡುವುದು, ಇದಕ್ಕಿಂತ ಹೆಚ್ಚಿಗೆ ಮಾಡುವ ಹಾಗಿರಲಿಲ್ಲ. ಆ ಕಾಲದ ಬ್ರಿಟನ್ನಿನ ಹೆಚ್ಚಿನ ಮನೆಗಳಲ್ಲಿ ಇದ್ದದ್ದೂ ಒಂದೇ ಸ್ಪೀಕರಿನ ಪ್ಲೇಯರು. ಬೀಟಲ್ಸ್ ಎದುರಿಗೆ ಕುಳಿತು ದಿನಗಟ್ಟಲೆ ತಿದ್ದಿಸಿದ್ದು ಅಂಥ ಒಂದೇ ಸ್ಪೀಕರಿಗೆ ಮಾಡುವ ಮಾನೋ ಮಿಶ್ರಣವನ್ನು. ಸ್ಟೀರಿಯೋವನ್ನು ಆಮೇಲೆ ಸ್ಟುಡಿಯೋದವರು ಬೇಗ ಮುಗಿಸಿದರು.

ನಿಮ್ಮಲ್ಲಿರುವುದು ಯಾವ ಪ್ರತಿ ಎಂದು ತಿಳಿಯಲು 'ಷೀ ಈಸ್ ಲೀವಿಂಗ್ ಹೋಮ್' ಹಾಡಿನ ಉದ್ದ ನೋಡಿ. ಹಳೆಯ ಸ್ಟೀರಿಯೋದಲ್ಲಿ ಅದು 3 ನಿಮಿಷ 35 ಸೆಕೆಂಡಿನ ಆಸುಪಾಸು. ಮಾನೋದಲ್ಲಿ ಹತ್ತು ಸೆಕೆಂಡಿನಷ್ಟು ಚಿಕ್ಕದು, ಏಕೆಂದರೆ ಟೇಪನ್ನು ಕೊಂಚ ಜೋರಾಗಿ ಓಡಿಸಿದ್ದಾರೆ. ಶ್ರುತಿಯೂ ಸುಮಾರು ಅರ್ಧ ಸ್ವರ ಏರಿದೆ. 2017ರಲ್ಲಿ, ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಹೊಸ ಸ್ಟೀರಿಯೋ ಮಿಶ್ರಣ ಮಾಡಿದಾಗ, ಬೆರೆಸುವುದಕ್ಕೆ ಮೊದಲಿನ ಮೂಲ ಟೇಪುಗಳಿಗೇ ಹಿಂತಿರುಗಿದರು. ಗಂಟು ಕಟ್ಟುವ ಮುಂಚಿನ ಸಾಮಾನು ಸಿಕ್ಕಿದ್ದರಿಂದ ಅದರಲ್ಲಿ ಹಾಡು ನಡುವೆ ಕೂತಿದೆ. ಇಯರ್‌ಫೋನಿಗೆ ಇದು ವಾಸಿ. ಸ್ಪೀಕರಿನಲ್ಲಿ ಕೇಳುವವರಿಗೆ ಮಾನೋ ಸಿ.ಡಿ. ಸಿಕ್ಕರೆ ಅದೇ ನಮ್ಮ ಆಯ್ಕೆ.

ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ 'ಮಾನೋ ಆಡಿಯೋ' ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಎರಡು ಕಿವಿಗೂ ಎಲ್ಲವೂ ಬರುತ್ತದೆ, ಬಸ್ಸಿನ ಸಮಸ್ಯೆ ತೀರುತ್ತದೆ. ಆದರೆ ಅದು 1967ರ ಮಾನೋ ಮಿಶ್ರಣವಲ್ಲ. ಸ್ಟೀರಿಯೋವನ್ನು ಮಡಚಿದ್ದು ಅಷ್ಟೆ, ವೇಗ, ಶ್ರುತಿ ಯಾವುದೂ ಬದಲಾಗುವುದಿಲ್ಲ. ಬಸ್ಸಿಳಿದ ಮೇಲೆ ಆ ಗುಂಡಿಯನ್ನು ಮತ್ತೆ ಆಫ್ ಮಾಡಲು ಮರೆತು, ಆರು ತಿಂಗಳು ಸ್ಟೀರಿಯೋ ಇಲ್ಲದೆ ಬದುಕುವವರೂ ಇದ್ದಾರೆ.

ಇದೇ ಪ್ಲೇಟಿನಲ್ಲಿ ಮೇಲಿನ ಮೈಸೂರಿನ ಓದುಗರಿಗೂ ಒಂದು ಊಟ ಇದೆ. ಎರಡನೇ ಬದಿಯ ಮೊದಲ ಹಾಡು, ಜಾರ್ಜ್ ಹ್ಯಾರಿಸನ್ನರ 'ವಿದಿನ್ ಯೂ ವಿದೌಟ್ ಯೂ'. ದಿಲ್‌ರುಬಾ, ತಬಲಾ, ತಂಬೂರಿ, ಸ್ವರಮಂಡಲ ನುಡಿಸಿದವರು ಲಂಡನ್ನಿನಲ್ಲಿದ್ದ ಭಾರತೀಯ ಕಲಾವಿದರು. ಹಾಡಿನ ಭಾಗ ಹದಿನಾರು ಮಾತ್ರೆಯ ತೀನ್‌ತಾಲ್. ಎರಡನೇ ನಿಮಿಷ ದಾಟಿದ ಮೇಲೆ ಬರುವ ವಾದ್ಯದ ಭಾಗಕ್ಕೆ ಬೆರಳು ಮಡಚಿ ಎಣಿಸಿ: ಹತ್ತು ಮಾತ್ರೆ, ಅದೇ ಝಪ್‌ತಾಲ್. ಕಾಶ್ಮೀರದ ಕುರುಬನೂ ಲಂಡನ್ನಿನ ಹುಡುಗರೂ ಒಂದೇ ವರ್ಷ ಒಂದೇ ತಾಳ ಹಾಕಿದ್ದಾರೆ.

ಧ್ವನಿಮುದ್ರಣವಾದ ವರ್ಷ ಹಿಡಿಯಬೇಕೋ, ಬಿಡುಗಡೆಯಾದ ವರ್ಷವೋ? ಕಾಲ್ಟ್ರೇನ್ ಅವರ 'ಇಂಟರ್‌ಸ್ಟೆಲ್ಲರ್ ಸ್ಪೇಸ್' 1967ರದ್ದಲ್ಲವೆ, ಪಟ್ಟಿಯಲ್ಲಿ ಯಾಕಿಲ್ಲ?
— ಹುಬ್ಬಳ್ಳಿಯ ಓದುಗರು

ನಾವು ಹಿಡಿಯುವುದು ಬಿಡುಗಡೆಯ ವರ್ಷ. ಜನರ ಕಿವಿಗೆ ಬಿದ್ದ ದಿನವೇ ಪ್ಲೇಟಿನ ಹುಟ್ಟಿದ ದಿನ. ಜಾನ್ ಕಾಲ್ಟ್ರೇನ್ ಸ್ಯಾಕ್ಸೊಫೋನ್, ರಶೀದ್ ಅಲಿ ಡ್ರಮ್ಸ್, ಇಬ್ಬರೇ ಕುಳಿತು ನುಡಿಸಿದ ಆ ಸಂಗೀತ 1967ರ ಫೆಬ್ರುವರಿ 22ರಂದು ಮುದ್ರಣವಾಯಿತು, ನಿಜ. ಕಾಲ್ಟ್ರೇನ್ ಅದೇ ವರ್ಷ ಜುಲೈ 17ರಂದು ತೀರಿಕೊಂಡರು. ಪ್ಲೇಟು ಬಂದದ್ದು 1974ರಲ್ಲಿ. 1967ರಲ್ಲಿ ಅದನ್ನು ಕೇಳಿ ಯಾರ ತಲೆಯೂ ತಿರುಗಲಿಲ್ಲ, ತಿರುಗುವ ಅವಕಾಶವೇ ಇರಲಿಲ್ಲ.

ಈ ನಿಯಮಕ್ಕೆ ಕುತ್ತು ಬರುವುದು ಮೈಲ್ಸ್ ಅವರ 'ಸಾರ್ಸರರ್'ನಲ್ಲಿ. ಮೊದಲ ಆರು ತುಣುಕು 1967ರ ಮೇ ತಿಂಗಳಿನವು. ಕೊನೆಯದು, 'ನಥಿಂಗ್ ಲೈಕ್ ಯೂ', 1962ರದ್ದು: ಬೇರೆ ತಂಡ, ಜೊತೆಗೆ ಬಾಬ್ ಡರೋ ಅವರ ಹಾಡುಗಾರಿಕೆ. ಆರು ತುಣುಕು ಒಂದು ಮಬ್ಬುಬೆಳಕಿನಲ್ಲಿ ಕೂರಿಸಿ, ಕೊನೆಗೆ ಯಾರೋ ಟ್ಯೂಬ್‌ಲೈಟ್ ಹಾಕಿದಂತಾಗುತ್ತದೆ. ಆರಕ್ಕೆ ನಿಲ್ಲಿಸುವುದು ನಮ್ಮ ಸಲಹೆ. ಪ್ಲೇಟಿನ ಕ್ರಮವನ್ನು ಮುರಿಯಬಾರದೆಂದು ಬೇರೆ ಕಡೆಯೆಲ್ಲ ಹೇಳುವ ನಾವೇ ಮುರಿಯುವ ಒಂದು ಜಾಗ ಇದು. ಇನ್ನೊಂದು ವಿಚಿತ್ರ: 'ಪೀ ವೀ' ಎಂಬ ತುಣುಕಿನಲ್ಲಿ ಮೈಲ್ಸ್ ನುಡಿಸಿಯೇ ಇಲ್ಲ. ಟ್ರಂಪೆಟ್‌ಗಾಗಿ ಕಾಯುತ್ತ ಕೂರಬೇಡಿ.

'ವೆಸ್ಟ್ ಮೀಟ್ಸ್ ಈಸ್ಟ್'ಗೆ ಗ್ರ್ಯಾಮಿ ಬಂದದ್ದು ಯಾವ ವಿಭಾಗದಲ್ಲಿ?
— ಬಳ್ಳಾರಿಯ ಓದುಗರು

ಚೇಂಬರ್ ಸಂಗೀತದ (ಕೆಲವೇ ವಾದಕರು ಕೂಡಿ ನುಡಿಸುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ) ವಿಭಾಗದಲ್ಲಿ, 1968ರ ಸಮಾರಂಭದಲ್ಲಿ.

ತಂದೆಯವರ ಕಾಲದ ಪ್ಲೇಟುಗಳ ಪೆಟ್ಟಿಗೆ ಅಟ್ಟದಲ್ಲಿ ಸಿಕ್ಕಿದೆ. ಮಳೆಗಾಲದ ಬೂಷ್ಟು ಹಿಡಿದಿದೆ. ತೊಳೆಯಬಹುದೆ? ಸೂಟ್‌ಕೇಸ್ ಮಾದರಿಯ ಹಳೆಯ ಪ್ಲೇಯರೂ ಇದೆ.
— ತೀರ್ಥಹಳ್ಳಿಯ ಓದುಗರು

ತೊಳೆಯಬಹುದು. ತೊಳೆಯುವ ಮೊದಲು ಬೇರ್ಪಡಿಸಿ. ನಡುವಿನ ಲೇಬಲ್ ಮೇಲೆ ವೇಗ ಬರೆದಿರುತ್ತದೆ. 78 ಎಂದಿದ್ದರೆ, ದಪ್ಪಗೆ ಭಾರವಾಗಿದ್ದರೆ, ಅದು ಅರಗಿನ ಪ್ಲೇಟು. 45 ಅಥವಾ 33⅓ ಇದ್ದು ಕೊಂಚ ಬಾಗುವಂತಿದ್ದರೆ ವಿನೈಲ್. ನಮ್ಮ ದೇಶದಲ್ಲಿ ಅರಗಿನ ಪ್ಲೇಟು ಬೇರೆಡೆಗಿಂತ ಹೆಚ್ಚು ಕಾಲ ಬಾಳಿತು. ಬೀಟಲ್ಸ್ ಹಾಡುಗಳು ಕೂಡ 1960ರ ದಶಕದಲ್ಲಿ ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ 78ರ ಪ್ಲೇಟಾಗಿ ಅಚ್ಚಾಗಿವೆ. ಹಾಗಾಗಿ ಹಾಡು ನೋಡಿ ಪ್ಲೇಟಿನ ಜಾತಿ ಹೇಳಬೇಡಿ, ಲೇಬಲ್ ನೋಡಿ ಹೇಳಿ.

ವಿನೈಲ್‌ಗೆ: ಡಿಸ್ಟಿಲ್ಡ್ ವಾಟರ್ ಮುಕ್ಕಾಲು ಲೀಟರ್, ಐಸೊಪ್ರೊಪೈಲ್ ಆಲ್ಕೊಹಾಲ್ ಕಾಲು ಲೀಟರ್, ಪಾತ್ರೆ ತೊಳೆಯುವ ಬಣ್ಣ-ಪರಿಮಳವಿಲ್ಲದ ದ್ರವ ಎರಡು ಹನಿ. ಎರಡೇ. ಹೆಚ್ಚಾದರೆ ಗೆರೆಗಳಲ್ಲಿ ಸೋಪು ಕೂತು ಮುಳ್ಳಿಗೆ ಅಂಟುತ್ತದೆ. ಬೂಷ್ಟನ್ನು ಒಣಗಿದ್ದಾಗ ಮನೆಯೊಳಗೆ ಒರೆಸಬೇಡಿ, ಬೀಜ ಹಾರಿ ಪಕ್ಕದ ಪ್ಲೇಟಿಗೂ ಕೂರುತ್ತದೆ. ಹೊರಗೆ ಜಗಲಿಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೊದಲು ನೆನೆಸಿ. ಪ್ರತಿ ಬದಿಗೆ ಎರಡು ಮೂರು ಚಮಚ ದ್ರಾವಣ ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಗೆರೆಯ ಗುಂಟ ಸುತ್ತ ತಿರುಗಿಸಿ. ಗೆರೆಗೆ ಅಡ್ಡವಾಗಿ ಎಳೆದರೆ ಮಣ್ಣು ಗೆರೆಯನ್ನು ಗೀಚುತ್ತದೆ. ಲೇಬಲ್ ಒದ್ದೆಯಾಗಬಾರದು. ಎರಡು ನಿಮಿಷ ಬಿಟ್ಟು ಬರೀ ಡಿಸ್ಟಿಲ್ಡ್ ನೀರಿನಿಂದ ಮತ್ತೊಮ್ಮೆ ತೊಳೆದು, ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ, ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಹಪ್ಪಳದ ಹಾಗೆ ಬಾಗುತ್ತದೆ. ಆಲ್ಕೊಹಾಲಿಗೆ ಬೆಂಕಿ ಬೇಗ ಹತ್ತುತ್ತದೆ, ಒಲೆ ದೀಪ ಹತ್ತಿರ ಬೇಡ.

ನಲ್ಲಿ ನೀರು ಯಾಕಾಗದು? ಬೋರ್‌ವೆಲ್ ನೀರಿನ ಸುಣ್ಣ ಒಣಗಿ ಗೆರೆಯೊಳಗೆ ಉಳಿಯುತ್ತದೆ. ಮುಳ್ಳು ಅದರ ಮೇಲೆ ಹಾಯುವಾಗ ಚಟಪಟ ಶುರು. ತೊಳೆದ ಮೇಲೆ ಸದ್ದು ಹೆಚ್ಚಾಯಿತು ಎನ್ನುವ ದೂರಿಗೆ ಹೆಚ್ಚಿನ ಸಲ ಕಾರಣ ಇದೇ.

ಅರಗಿನ ಪ್ಲೇಟಿಗೆ ಆಲ್ಕೊಹಾಲ್ ತಾಗಿಸಲೇಬಾರದು, ಅರಗು ಅದರಲ್ಲಿ ಕರಗುತ್ತದೆ. ಬರೀ ಡಿಸ್ಟಿಲ್ಡ್ ನೀರು, ಒಂದು ಹನಿ ಸೋಪು, ಕೂಡಲೇ ಒರೆಸುವುದು. ನೆನೆಯಲು ಬಿಡಬೇಡಿ. ಎರಡು ಬಗೆಗೂ ಹಳೆಯ ಒಳಗಿನ ಕಾಗದದ ಕವರನ್ನು ಎಸೆದುಬಿಡಿ, ಬೂಷ್ಟಿನ ಮನೆಯೇ ಅದು. ಹೊಸ ಕವರು ಹಾಕಿ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ.

ಇನ್ನು ಪ್ಲೇಯರ್. ಅಂಥ ಹಳೆಯ ಪ್ಲೇಯರುಗಳ ಸೆರಾಮಿಕ್ ಕಾರ್ಟ್ರಿಜ್ (ಮುಳ್ಳು ಕೂತಿರುವ ಭಾಗ) 4ರಿಂದ 6 ಗ್ರಾಂ ಭಾರದಲ್ಲಿ ಪ್ಲೇಟಿನ ಮೇಲೆ ಕೂರುತ್ತದೆ. ಇಂದಿನ ಸಾಮಾನ್ಯ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ ಒಂದೂವರೆಯಿಂದ ಎರಡು ಗ್ರಾಂ ಸಾಕು. ಸವೆದ ಮುಳ್ಳು, ಮೇಲೆ ಅಷ್ಟು ಭಾರ, ಎರಡೂ ಸೇರಿದರೆ ಅಪರೂಪದ ಪ್ಲೇಟು ಕೆಲವೇ ಸಲಕ್ಕೆ ಹಾಳು. ಮುಳ್ಳು ಬದಲಿಸದೆ ಒಂದು ಪ್ಲೇಟನ್ನೂ ಹಾಕಬೇಡಿ. 78ಕ್ಕೆ ಬೇರೆಯೇ ಮುಳ್ಳು ಬೇಕು: ಅದರ ತುದಿ ಸುಮಾರು 70 ಮೈಕ್ರಾನ್, ಸ್ಟೀರಿಯೋ ಎಲ್‌ಪಿಯದು ಸುಮಾರು 18. ಎಲ್‌ಪಿಯ ಮುಳ್ಳಿನಲ್ಲಿ 78 ನುಡಿಸಿದರೆ ಅದು ಅಗಲ ಗೆರೆಯ ತಳದಲ್ಲಿ ಧೂಳಿನ ಮೇಲೆ ಓಡುತ್ತದೆ, ಹಾಡಿಗಿಂತ ಸುರುಸುರು ಸದ್ದೇ ಹೆಚ್ಚು.

ಪೆಟ್ಟಿಗೆಯಲ್ಲಿ 'ಸಾರ್ಜೆಂಟ್ ಪೆಪ್ಪರ್' ಇದ್ದರೆ ಕೊನೆಯ ಹಾಡಿನಿಂದ ಪ್ಲೇಟಿನ ಸ್ಥಿತಿ ಗೊತ್ತಾಗುತ್ತದೆ. ಎಲ್‌ಪಿಯ ಹೊರ ಅಂಚಿನಲ್ಲಿ ಗೆರೆ ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡುತ್ತದೆ, ಒಳ ಅಂಚಿಗೆ ಬರುವಾಗ ಸುಮಾರು 21ಕ್ಕೆ ಇಳಿದಿರುತ್ತದೆ. ಅದೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಅದಕ್ಕೇ ಬದಿಯ ಕೊನೆಗೆ ಮೆತ್ತಗಿನ ಹಾಡು ಇಡುವುದು ವಾಡಿಕೆ. ಇಲ್ಲಿ ನೇರ ಉಲ್ಟಾ: 'ಎ ಡೇ ಇನ್ ದಿ ಲೈಫ್' ಹಾಡಿನಲ್ಲಿ ನಲವತ್ತು ವಾದಕರು ಕೆಳಗಿನ ಸ್ವರದಿಂದ ಮೇಲಕ್ಕೆ ಏರುತ್ತ ಹೋಗುವ ಅಬ್ಬರ ಅಲ್ಲಿಯೇ ಬರುತ್ತದೆ. ಹಿಂದಿನವರು ಭಾರದ ಮುಳ್ಳಿನಲ್ಲಿ ತಿರುಗಿಸಿದ್ದರೆ ಆ ಏರಿಕೆ ಕರಕರ ಎನ್ನುತ್ತದೆ. ಕೊನೆಯ ಪಿಯಾನೋ ಮೇಳ (ಹಲವು ಸ್ವರಗಳನ್ನು ಒಟ್ಟಿಗೆ ಒತ್ತಿದ ಸದ್ದು) ನಲವತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕರಗುತ್ತದೆ. ಅದು ಚಟಪಟದಲ್ಲಿ ಮುಳುಗದೆ ಕೊನೆವರೆಗೂ ಕೇಳಿಸಿದರೆ ಪ್ಲೇಟು ಚೆನ್ನಾಗಿದೆ.

'ಸಿಲ್ವರ್ ಆ್ಯಪಲ್ಸ್' ಕೇಳಿದೆ. ಮಿಕ್ಸಿ ಕೆಟ್ಟ ಸದ್ದು. ಇದನ್ನು ಸಂಗೀತ ಎನ್ನುವುದು ಹೇಗೆ?
— ಮಂಗಳೂರಿನ ಓದುಗರು

ಫೋನಿನ ಸ್ಪೀಕರಿನಲ್ಲಿ ಕೇಳಿದಿರಾದರೆ ನಿಮ್ಮ ದೂರು ನ್ಯಾಯವೇ. ಆ ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಹುಟ್ಟುವುದೇ ಇಲ್ಲ, ಉಳಿಯುವುದು ಕೀಚಲು ಮಾತ್ರ. ಹೆಡ್‌ಫೋನ್ ಹಾಕಿ.

ಇದು ನಾನ್‌ಸಚ್ ಕಂಪನಿ ಪ್ಲೇಟಿಗೆಂದೇ ಬರೆಸಿದ ಕೃತಿ. ಸಭೆಯಲ್ಲಿ ನುಡಿಸಿ ಆಮೇಲೆ ಮುದ್ರಿಸಿದ್ದಲ್ಲ. ಎರಡು ಭಾಗ, ಎಲ್‌ಪಿಯ ಬದಿಗೊಂದು, ಒಟ್ಟು 31 ನಿಮಿಷದಷ್ಟು. ವಾದ್ಯ ಬುಕ್ಲಾ ಸಿಂಥಸೈಜರ್. ಇದಕ್ಕೆ ಪಿಯಾನೋದಂತೆ ಮನೆಗಳಿಲ್ಲ, ಬೆರಳು ತಾಗಿಸುವ ಲೋಹದ ಪಟ್ಟಿಗಳಿವೆ. ಅದರ ಸೀಕ್ವೆನ್ಸರ್ ಎಂಬ ಭಾಗ ಮೊದಲೇ ಹೊಂದಿಸಿಟ್ಟ ವೋಲ್ಟೇಜುಗಳನ್ನು ಒಂದರ ಹಿಂದೊಂದು ಸುತ್ತು ಸುತ್ತಾಗಿ ಕಳಿಸುತ್ತದೆ. ಪ್ರತಿ ವೋಲ್ಟೇಜೂ ಒಂದು ಸ್ವರವೋ ಒಂದು ಪೆಟ್ಟೋ ಆಗುತ್ತದೆ. ಹೀಗೆ ಬಂದ ಆವರ್ತನೆಗಳು ಸ್ಪಷ್ಟವಾಗಿ ಕೇಳುವುದು ಎರಡನೇ ಭಾಗದಲ್ಲಿ. ಅಲ್ಲಿಂದಲೇ ಶುರು ಮಾಡಿ, ಒಂದು ಪೆಟ್ಟನ್ನು ಹಿಡಿದುಕೊಂಡು ಅದರ ಮೇಲೆ ಏನೇನು ಕೂರುತ್ತದೆ, ಏನು ಕಳಚುತ್ತದೆ ನೋಡುತ್ತ ಹೋಗಿ. ಚೆಂಡೆಯ ಉರುಳಿಕೆ ಕೇಳಿದ ಊರಿನವರು ನೀವು, ಸ್ವರವಿಲ್ಲದೆ ಬರೀ ಪೆಟ್ಟಿನಲ್ಲಿ ಕಥೆ ನಡೆಯುವುದು ನಿಮಗೆ ಹೊಸದಲ್ಲ. ಅದಾದ ಮೇಲೆ ಮೊದಲ ಭಾಗ. ಇಷ್ಟು ಮಾಡಿಯೂ ಮಿಕ್ಸಿಯೇ ಅನ್ನಿಸಿದರೆ ಬಿಟ್ಟುಬಿಡಿ, ಇದರಲ್ಲಿ ಬಲವಂತ ಇಲ್ಲ.

ಏಳರಲ್ಲಿ ಒಂದೂ ಕನ್ನಡದ್ದಿಲ್ಲ. ಮರೆತಿರೋ, ಬೇಕೆಂದೇ ಬಿಟ್ಟಿರೋ?
— ಮಸ್ಕತ್‌ನಲ್ಲಿರುವ ಓದುಗರು

ಹಾಡುಗಳಿದ್ದವು, ಆಲ್ಬಂ ಇರಲಿಲ್ಲ. ಆಗಿನ ಕನ್ನಡ ಚಿತ್ರಗೀತೆ ಮನೆಗೆ ಬರುತ್ತಿದ್ದದ್ದು ಬದಿಗೆ ಮೂರು ಚಿಲ್ಲರೆ ನಿಮಿಷದ 78ರಲ್ಲಿ ಅಥವಾ ಚಿಕ್ಕ 45ರಲ್ಲಿ, ಅದಕ್ಕಿಂತ ಹೆಚ್ಚಾಗಿ ಆಕಾಶವಾಣಿಯಲ್ಲಿ. ನಲವತ್ತು ನಿಮಿಷವನ್ನು ಒಂದೇ ಮನಸ್ಸಿನಲ್ಲಿ ಕಟ್ಟಿ, ಮೊದಲು ಯಾವುದು ಕೊನೆಗೆ ಯಾವುದು ಎಂದು ಯೋಚಿಸಿದ ಕೆಲಸ ಕನ್ನಡದಲ್ಲಿ ಕ್ಯಾಸೆಟ್ಟಿನ ಜೊತೆ ಬಂತು. 1978ರ 'ನಿತ್ಯೋತ್ಸವ', ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರ ಸಂಗೀತ. 1978ರ ಪಟ್ಟಿ ಮಾಡುವ ದಿನ ಬಂದರೆ ಅದರ ಜಾಗ ಕಾದಿರಿಸಿದ್ದೇವೆ.

1967 ನಮಗೆ ಕಳೆದುಕೊಂಡ ವರ್ಷವೂ ಹೌದು. ಪಿಟೀಲಿಗೆ ಏಳು ತಂತಿ ಕಟ್ಟಿದ ಟಿ. ಚೌಡಯ್ಯನವರು ಆ ಜನವರಿಯಲ್ಲಿ ತೀರಿಕೊಂಡರು. ಮೈಕು ಇಲ್ಲದ, ಇದ್ದರೂ ಕೈಕೊಡುವ ಸಭೆಗಳಲ್ಲಿ ಹಿಂದಿನ ಸಾಲಿಗೂ ಕೇಳಲಿ ಎಂದು ಅವರು ಹೆಚ್ಚಿನ ತಂತಿಗಳನ್ನು ಸೇರಿಸಿದ್ದು. ಮೆನುಹಿನ್ನರ ಪಿಟೀಲು ಕೇಳಿದ ದಿನವೇ ಚೌಡಯ್ಯನವರ ಒಂದು ಹಳೆಯ ಮುದ್ರಣವನ್ನೂ ಹಾಕಿ. ಅದೇ ವಾದ್ಯ ನೆಲಕ್ಕೆ ಕೂತು ನುಡಿಸಿದಾಗ ಹೇಗೆ ಬೇರೆ ಪ್ರಾಣಿಯಾಗುತ್ತದೆ ನೋಡಿ.

ಬೇರೆ ಬೇರೆ ಪ್ರಕಾರಗಳನ್ನು ಹೋಲಿಸಿ ಅಂಕ ಕೊಡುವುದು ಹೇಗೆ? ನನ್ನ ಪಟ್ಟಿಯಲ್ಲಿ ರಾಕ್ ಯಾವಾಗಲೂ ಗೆಲ್ಲುತ್ತದೆ, ಸಂತೂರ್ ಸೋಲುತ್ತದೆ.
— ಕಲಬುರಗಿಯ ಓದುಗರು

ಗೆಲ್ಲುತ್ತಿರುವುದು ರಾಕ್ ಅಲ್ಲ, ಸದ್ದು. ಎರಡು ಮುದ್ರಣಗಳಲ್ಲಿ ಒಂದು ಒಂದೇ ಡೆಸಿಬೆಲ್‌ನಷ್ಟು ಜೋರಿದ್ದರೂ ಕಿವಿ ಅದನ್ನು 'ಜೋರು' ಎನ್ನದೆ 'ಚೆನ್ನ' ಎನ್ನುತ್ತದೆ. ಇತ್ತೀಚೆಗೆ ರೀಮಾಸ್ಟರ್ ಮಾಡಿದ ರಾಕ್ ಪ್ರತಿಯ ಪಕ್ಕ ಹಳೆಯ ಸಂತೂರ್ ಮುದ್ರಣ ಹಲವು ಡೆಸಿಬೆಲ್ ಕೆಳಗಿರಬಹುದು.

ಫೋನಿಗೆ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ನೀವು ಕೂರುವ ಜಾಗದಲ್ಲಿಟ್ಟು, ಪ್ರತಿ ಆಲ್ಬಂನ ತುಂಬಿದ ಭಾಗ 70ರಿಂದ 75 ಡೆಸಿಬೆಲ್ ನಡುವೆ ಬರುವಂತೆ ವಾಲ್ಯೂಮ್ ಹೊಂದಿಸಿ. ಫೋನಿನ ಆ್ಯಪ್ ನಿಖರವಲ್ಲ, ಆದರೆ ಎಲ್ಲಕ್ಕೂ ಒಂದೇ ಆ್ಯಪ್ ಆದರೆ ಹೋಲಿಕೆಗೆ ಸಾಕು. ಸ್ಟ್ರೀಮಿಂಗ್‌ನಲ್ಲಿ ಕೇಳುವುದಾದರೆ ಶಫಲ್, ಆಟೊಪ್ಲೇ, ಕ್ರಾಸ್‌ಫೇಡ್ ಮೂರನ್ನೂ ಆಫ್ ಮಾಡಿ, ಗ್ಯಾಪ್‌ಲೆಸ್ ಹಾಕಿ. ಕ್ರಾಸ್‌ಫೇಡ್ ಇದ್ದರೆ ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸಿ, 'ಎ ಡೇ ಇನ್ ದಿ ಲೈಫ್' ಹಾಡಿನ ಪಿಯಾನೋ ಮೇಳದ ಬಾಲವನ್ನೇ ಕತ್ತರಿಸಿಬಿಡುತ್ತದೆ. ಆಟೊಪ್ಲೇ ಇದ್ದರೆ ಪಹಾಡಿ ಮುಗಿದ ಮರುಕ್ಷಣ ಯಾರದೋ ಯೋಗದ ಸಂಗೀತ ಶುರುವಾಗುತ್ತದೆ.

ಅಂಕ ನಾವು ಕೊಡುವುದಿಲ್ಲ. ಕೊಡಲೇಬೇಕೆಂದರೆ ಹತ್ತಕ್ಕೆ ಇಷ್ಟು ಎಂಬುದನ್ನು ಬಿಟ್ಟು, ಪ್ರತಿ ಆಲ್ಬಂಗೆ ಒಂದೇ ಪ್ರಶ್ನೆ ಹಾಕಿ: ಮೂರನೇ ಸಲ ಪೂರ್ತಿ ಕೇಳುವಾಗ ಎಲ್ಲಿ ಎದ್ದು ಹೋಗಬೇಕೆನ್ನಿಸಿತು? ಆ ನಿಮಿಷವನ್ನು ಬರೆದಿಡಿ. ಸದ್ದು ಸಮ ಮಾಡಿದ ಮೇಲೆ ಸಂತೂರ್ ಎಲ್ಲಿಗೆ ಬಂತೆಂದು ಮುಂದಿನ ಪತ್ರದಲ್ಲಿ ತಿಳಿಸಿ.